ಹೊಸ ಥ್ರಾಟಲ್, ಹಳೆಯ ನೋಟ್‌ಬುಕ್

ಕಾರಿನ ಎಂಜಿನ್ ಪೆಟ್ರೋಲು ಕುಡಿಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಪೆಟ್ರೋಲಿಗಿಂತ ಎಷ್ಟೋ ಪಾಲು ಹೆಚ್ಚು ಗಾಳಿ ಕುಡಿಯುತ್ತದೆ ಎನ್ನುವುದು ಗ್ಯಾರೇಜಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತವರಿಗೆ ತಿಳಿಯುತ್ತದೆ. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆಕ್ಸಿಲರೇಟರ್ ತುಳಿದಾಗ ನಾವು ಪೆಟ್ರೋಲು ಬಿಡುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಆದರೆ ತೆರೆಯುವುದು ಗಾಳಿಯ ಬಾಗಿಲು. ಆ ಬಾಗಿಲೇ ಥ್ರಾಟಲ್ ಬಾಡಿ. ಅಂಗೈ ಮೇಲೆ ಕೂರುವ ಅಲ್ಯೂಮಿನಿಯಂ ಕೊಳವೆ, ಅದರ ನಡುವೆ ಒಂದು ದುಂಡು ತಟ್ಟೆ, ತಟ್ಟೆ ತಿರುಗಲು ಒಂದು ಸರಳು. ಸರಳಿನ ಒಂದು ತುದಿಗೆ ಕೇಬಲ್. ಇನ್ನೊಂದು ತುದಿಗೆ, ತಟ್ಟೆ ಎಷ್ಟು ತೆರೆದಿದೆ ಎಂದು ಗಾಡಿಯ ಕಂಪ್ಯೂಟರಿಗೆ ವರದಿ ಒಪ್ಪಿಸುವ ಸೆನ್ಸರ್. ಪಕ್ಕದಲ್ಲಿ ಐಡ್ಲಿಂಗ್ ವಾಲ್ವ್: ನಾವು ಕಾಲು ತೆಗೆದು ಬಾಗಿಲು ಮುಚ್ಚಿದಾಗಲೂ ಎಂಜಿನ್ ನಿಂತುಹೋಗದಂತೆ ಒಂದಿಷ್ಟು ಗಾಳಿಯನ್ನು ಹಿಂಬಾಗಿಲಿನಿಂದ ಬಿಡುವುದು ಅದರ ಕೆಲಸ. ಈಗಿನ ಕಾರುಗಳಲ್ಲಿ ಬಹುಮಟ್ಟಿಗೆ ಕೇಬಲ್ ಇಲ್ಲ, ತಟ್ಟೆಯನ್ನು ಮೋಟಾರೇ ತಿರುಗಿಸುತ್ತದೆ. ನಮ್ಮದು ಕೇಬಲ್ ಕಾಲದ್ದು.

ತುಮಕೂರಿನಲ್ಲಿ ನಾವು ಅಣ್ಣತಮ್ಮಂದಿರ ಎರಡು ಮನೆಗೂ ಸೇರಿ ಇರುವುದು ಹದಿನೆಂಟು ವರ್ಷದ ಒಂದೇ ಸಣ್ಣ ಕಾರು. ಮದುವೆ ಮಸರತ್ತಿಗೆಲ್ಲ ಬಸ್ಸು ಸಾಕು. ಆದರೆ ಅಮ್ಮಿಯನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಬರುವಾಗ ಅವರಿಗೆ ತಲೆ ಎತ್ತಲೂ ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ಬಿ.ಎಚ್. ರಸ್ತೆಯ ನಡುವೆ ಎಂಜಿನ್ ಆಫ್ ಆದರೆ ಹಿಂದಿನ ಲಾರಿಯವನ ಹಾರ್ನಿಗಿಂತ ಹಿಂದಿನ ಸೀಟಿನ ಮೌನವೇ ಹೆಚ್ಚು ಕಷ್ಟ. ಥ್ರಾಟಲಿನ ಸರಳು ಸವೆದು ಅಲ್ಲಾಡುತ್ತಿತ್ತು, ಆ ಸಂದಿಯಿಂದ ಬೇಡದ ಗಾಳಿ ನುಗ್ಗುತ್ತಿತ್ತು. ಆ ಮಾಡೆಲ್ಲಿಗೆ ಕಂಪನಿಯ ಮಾಲು ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊರಗಿನವರು ತಯಾರಿಸಿದ ಥ್ರಾಟಲ್ ತಂದೆವು, ಸೆನ್ಸರ್ ಮತ್ತು ವಾಲ್ವ್ ಸಮೇತ.

ಇಂಥ ಮಾಲನ್ನು ಕಂಡಕೂಡಲೇ 'ಡೂಪ್ಲಿಕೇಟ್' ಎಂದು ಮೂಗು ಮುರಿಯುವವರಿದ್ದಾರೆ. ಅದು ನ್ಯಾಯವಲ್ಲ. ಇನ್ನೊಬ್ಬರ ಹೆಸರನ್ನು ಕದ್ದು ಡಬ್ಬಿಯ ಮೇಲೆ ಅಚ್ಚು ಹಾಕಿಸಿಕೊಂಡದ್ದು ನಕಲಿ; ತನ್ನದೇ ಹೆಸರಿನಲ್ಲಿ ಮಾರುವುದು ನಕಲಿಯಲ್ಲ. ಈ ಎರಡನೆಯ ಬಗೆಯ ಮಾಲು ಇಲ್ಲದಿದ್ದರೆ ನಮ್ಮಂಥವರ ಕಾರುಗಳು ಎಂದೋ ಗುಜರಿ ಸೇರುತ್ತಿದ್ದವು. ತೊಂದರೆ ಇರುವುದು ಬೇರೆ ಕಡೆ. ಆಕಾರ ಒಂದೇ ಇರುತ್ತದೆ, ಬೋಲ್ಟಿನ ತೂತುಗಳು ಕೂಡುತ್ತವೆ. ಒಳಗಿನ ಅಳತೆ ಕೂಡುತ್ತದೋ ಇಲ್ಲವೋ ಡಬ್ಬಿ ಹೇಳುವುದಿಲ್ಲ.

ಹೊಸದನ್ನು ಕೂರಿಸಿದ ದಿನವೇ ನಿಂತ ಗಾಡಿ 1,800 ಆರ್‌ಪಿಎಂನಲ್ಲಿ ಅರಚತೊಡಗಿತು. ಇರಬೇಕಾದದ್ದು 800ರ ಆಸುಪಾಸು. ಮನೆ ಹತ್ತಿರದ ಮೆಕ್ಯಾನಿಕ್ ತಟ್ಟೆಯ ಸ್ಟಾಪ್ ಸ್ಕ್ರೂ ತಿರುಗಿಸಿ ಸದ್ದು ಇಳಿಸಿಕೊಟ್ಟ. ಈಗ ಏಸಿ ಹಾಕಿದರೆ ಎಂಜಿನ್ ಸಾಯುತ್ತಿತ್ತು. ಕೊನೆಗೆ ಗಾಡಿ ಉಸ್ತಾದರ ಗ್ಯಾರೇಜಿಗೆ ಹೋಯಿತು.

ಉಸ್ತಾದರಿಗೆ ಎಪ್ಪತ್ತರ ಹತ್ತಿರ. ಕಾರ್ಬೊರೇಟರ್ ಬಿಚ್ಚುತ್ತ ಬೆಳೆದವರು, ಇಂಜೆಕ್ಷನ್ ಗಾಡಿಗಳು ಬಂದಾಗ ಮೊದಲಿನಿಂದ ಕಲಿತವರು. ಹೊಸ ಪಾರ್ಟು ಹಾಕಿದ್ದೇವೆ, ಆದ್ದರಿಂದ ತೊಂದರೆ ಬೇರೆಲ್ಲೋ ಇರಬೇಕು ಎಂದು ಶುರು ಮಾಡಿದೆವು. ಅವರು ತಲೆ ಎತ್ತದೆ, "ನವಾ ಹೈ ಬೋಲೆ ತೋ ಅಚ್ಛಾಚ್ ಹೈ ಕ್ಯಾ, ಭಾಯಿ?" ಅಂದರು. ಹೊಸದು ಎಂದ ಮೇಲೆ ಒಳ್ಳೆಯದೇ ಇರಬೇಕೇ ಎಂದು.

ಅವರು ಮೊದಲು ಕೇಳಿದ್ದು ಹಳೆಯ ಥ್ರಾಟಲನ್ನು. ಪುಣ್ಯಕ್ಕೆ ಡಿಕ್ಕಿಯಲ್ಲೇ ಇತ್ತು. ಎರಡನ್ನೂ ಬೆಂಚಿನ ಮೇಲಿಟ್ಟು ಬೆಳಕಿಗೆ ಹಿಡಿದರು. ಹಳೆಯದರಲ್ಲಿ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು. ಹೊಸದರಲ್ಲಿ ಸ್ಕ್ರೂ ತಿರುಗಿಸಿದ್ದರಿಂದ ತಟ್ಟೆ ಕೊಳವೆಯ ಗೋಡೆಗೆ ಕಚ್ಚಿಕೊಂಡಿತ್ತು. ಆ ಸ್ಕ್ರೂ ಇರುವುದು ಹಾಗೆ ಕಚ್ಚದಿರಲಿ ಎಂದೇ, ಸದ್ದು ಇಳಿಸಲು ಅಲ್ಲ. ಫೀಲರ್ ಗೇಜಿನಿಂದ ಹಳೆಯದರ ಸಂದಿ ಅಳೆದು ಹೊಸದಕ್ಕೂ ಅಷ್ಟೇ ಇಟ್ಟರು. ಕೂರಿಸಿದರೆ ಮತ್ತೆ 1,800. ಕೇಬಲ್ಲಿಗೆ ಸಡಿಲ ಇದೆಯೇ ನೋಡಿದರು, ಇತ್ತು. ಗ್ಯಾಸ್ಕೆಟ್ಟಿನ ಸುತ್ತ ಕ್ಲೀನರ್ ಸ್ಪ್ರೇ ಚಿಮುಕಿಸಿದರು. ಗಾಳಿ ಸೋರುತ್ತಿದ್ದರೆ ಅದು ಒಳಗೆಳೆದುಕೊಂಡು ಎಂಜಿನ್ನಿನ ಸದ್ದು ಬದಲಾಗಬೇಕು. ಬದಲಾಗಲಿಲ್ಲ. (ಬಿಸಿ ಎಂಜಿನ್ ಮೇಲೆ ಇದನ್ನು ಮನೆಯಲ್ಲಿ ಯಾರೂ ಮಾಡಬೇಡಿ, ಬೆಂಕಿ ಹತ್ತುತ್ತದೆ.) ಐಡ್ಲಿಂಗ್ ವಾಲ್ವಿನ ಮೊನೆ ಹಳೆಯದರಷ್ಟೇ ಉದ್ದವಿತ್ತು.

ಉಳಿದದ್ದು ಸೆನ್ಸರ್. ಅದಕ್ಕೆ ಬರುವ 5 ವೋಲ್ಟ್ ಸರಿಯಿದೆಯೇ, ಅರ್ತಿಂಗ್ ಸರಿಯಿದೆಯೇ ಎಂದು ಮೊದಲು ನೋಡಿದರು. ಆಮೇಲೆ ಬಾಗಿಲು ಮುಚ್ಚಿದಾಗಿನ ರೀಡಿಂಗ್: 1.1 ವೋಲ್ಟ್. ಉಸ್ತಾದರು ಒಳಗೆ ಹೋಗಿ ರಟ್ಟು ಕಿತ್ತ ಒಂದು ನೋಟ್‌ಬುಕ್ ತಂದರು. ಅದರಲ್ಲಿ ನಮ್ಮ ಕಾರಿನ ಪುಟವೇ ಇತ್ತು. ಆರು ವರ್ಷದ ಹಿಂದೆ ಬರೀ ಆಯಿಲ್ ಬದಲಿಸಲು ಬಂದಿದ್ದಾಗ ಬರೆದಿಟ್ಟದ್ದು: ಮುಚ್ಚಿದಾಗ 0.5.

ಅಂದರೆ ನಾವು ಕಾಲು ತೆಗೆದರೂ ಹೊಸ ಸೆನ್ಸರ್ ಕಂಪ್ಯೂಟರಿಗೆ 'ಇನ್ನೂ ತುಳಿದಿದ್ದಾರೆ' ಎಂದು ಹೇಳುತ್ತಿತ್ತು. ನಂಬಿದ ಕಂಪ್ಯೂಟರ್ ಐಡ್ಲಿಂಗಿನ ಉಸಾಬರಿಗೇ ಹೋಗುತ್ತಿರಲಿಲ್ಲ. ಗ್ಯಾರೇಜಿನ ಹುಡುಗನೊಬ್ಬ, ಸೆನ್ಸರಿನ ತೂತುಗಳನ್ನು ಅರದಿಂದ ಉಜ್ಜಿ ಸ್ವಲ್ಪ ತಿರುಗಿಸಿ ಕೂರಿಸಿದರೆ 0.5ಕ್ಕೆ ಬರುತ್ತದೆ ಎಂದ. ಜಾಣ ಹುಡುಗ. ಉಸ್ತಾದರು ಹಳೆಯ ಮುಳ್ಳಿನ ಮೀಟರ್ ಹಚ್ಚಿ ತಟ್ಟೆಯನ್ನು ನಿಧಾನಕ್ಕೆ ತೆರೆದು ತೋರಿಸಿದರು. ಅರ್ಧದಲ್ಲಿ ಮುಳ್ಳು ಒಮ್ಮೆ ಧೊಪ್ಪನೆ ಬಿದ್ದು ಮತ್ತೆ ಎದ್ದಿತು. ಅಂಕಿ ತೋರಿಸುವ ಡಿಜಿಟಲ್ ಮೀಟರಿನಲ್ಲಿ ಅದು ಕಣ್ತಪ್ಪಿ ಹೋಗುತ್ತಿತ್ತು. ಹಳೆಯ ಸೆನ್ಸರಿನಲ್ಲಿ ಮುಳ್ಳು ಎಲ್ಲೂ ತಡವರಿಸಲಿಲ್ಲ. ಸವೆದಿದ್ದದ್ದು ಅದರ ಸರಳು ಮಾತ್ರ. ಹಳೆಯ ಸೆನ್ಸರನ್ನು ಹೊಸ ಥ್ರಾಟಲಿಗೆ ಕೂರಿಸಿದರು. ಕಂಪ್ಯೂಟರಿನ ಹಳೆಯ ನೆನಪು ಹೋಗಲೆಂದು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ ಚಹಾ ಕುಡಿಸಿದರು. ಆಮೇಲೆ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ತಿರುಗುವ ತನಕ ಸುಮ್ಮನೆ ಬಿಟ್ಟರು. 820ರಲ್ಲಿ ನಿಂತಿತು. ಏಸಿ ಹಾಕಿದರೂ ಸಾಯಲಿಲ್ಲ.

ಅಂಗಡಿಯವರು ಬಿಲ್ಲಿನ ಕೆಳಗಿನ 'ಎಲೆಕ್ಟ್ರಿಕಲ್ ಮಾಲು ವಾಪಸ್ ಇಲ್ಲ' ಎಂಬ ಸೀಲು ತೋರಿಸಿದರು. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸು ತೆಗೆದುಕೊಳ್ಳದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ಅದನ್ನು ಹೇಳಿದ ಮೇಲೆ ಬೇರೆ ಸೆನ್ಸರ್ ಕೊಟ್ಟರು. ಅದನ್ನು ಅಳೆದರೆ 1.0. ಇಡೀ ಲಾಟೇ ಹಾಗಿರಬೇಕು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ನೋಟ್‌ಬುಕ್. ಕೆಟ್ಟು ಬಂದ ಗಾಡಿಯದ್ದನ್ನು ಎಲ್ಲರೂ ಅಳೆಯುತ್ತಾರೆ. ಉಸ್ತಾದರು ಚೆನ್ನಾಗಿರುವ ಗಾಡಿಗಳನ್ನು ಅಳೆದು ಇಪ್ಪತ್ತು ವರ್ಷ ಬರೆದಿಟ್ಟಿದ್ದಾರೆ. ಎಲ್ಲವೂ ಉರ್ದುವಿನಲ್ಲಿ. ಗ್ಯಾರೇಜಿನ ಮೂವರು ಹುಡುಗರಲ್ಲಿ ಇಬ್ಬರು ನಮ್ಮವರೇ, ಆದರೆ ಮೂವರೂ ಕನ್ನಡ ಶಾಲೆಯವರು. ಅಂಕಿಗಳನ್ನಷ್ಟೇ ಉಸ್ತಾದರಿಂದ ಕಲಿತಿದ್ದಾರೆ. ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ. ಉರ್ದುವಿನ ಸೊನ್ನೆ ಎಂದರೆ ಒಂದು ಚುಕ್ಕೆ. ಅದನ್ನೇ ದಶಮಾಂಶದ ಚುಕ್ಕೆ ಎಂದುಕೊಂಡು ಒಬ್ಬ ನಮ್ಮೆದುರೇ 4.05 ಅನ್ನು 4.5 ಎಂದು ಓದಿದ. ಇಂಜೆಕ್ಷನ್ ಗಾಡಿಗೆ ಅದು ಸಣ್ಣ ವ್ಯತ್ಯಾಸವಲ್ಲ. ಉಸ್ತಾದರ ಮಕ್ಕಳಿಬ್ಬರೂ ಸೌದಿಯಲ್ಲಿ. ಅವರ ಕಣ್ಣಿಗೆ ಪೊರೆ ಬಂದಿದೆ.

ಈಗ ಡಯಾಲಿಸಿಸ್ ಇಲ್ಲದ ಭಾನುವಾರಗಳಲ್ಲಿ ನಾವು ಓದುತ್ತೇವೆ, ಆ ಜಾಣ ಹುಡುಗ ಉದ್ದ ರಿಜಿಸ್ಟರಿನಲ್ಲಿ ಕನ್ನಡಕ್ಕೆ ಇಳಿಸುತ್ತಾನೆ. ಉಸ್ತಾದರು 'ಟ್ರಾಟಲ್' ಎಂದೇ ಬರೆದಿದ್ದಾರೆ. ಹುಡುಗ ತಿದ್ದಲು ಒಪ್ಪಲಿಲ್ಲ. ಮೊನ್ನೆ ಸಿಕ್ಕಿದ ಒಂದು ಪುಟದಲ್ಲಿ ರೀಡಿಂಗುಗಳೆಲ್ಲ ಸ್ಪಷ್ಟ, ಮೇಲಿನ ಕಾರಿನ ಹೆಸರಿನ ಮೇಲೆ ಮಾತ್ರ ಗ್ರೀಸಿನ ಕಲೆ. ಯಾವ ಗಾಡಿ ಎಂದು ಕೇಳಿದೆವು. ಉಸ್ತಾದರು ಪುಟವನ್ನು ಬಾಗಿಲ ಬಳಿ ಒಯ್ದು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ನೆನಪಾಗಲಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ಅಂಕಿಗಳನ್ನು ಇಳಿಸಿಕೊಂಡೆವು.