ಎರವಲು ಕಥೆ, ಸ್ವಂತ ಮಾತು

ಸಭಾಕಂಪನಕ್ಕೆ ನಾವು ಹೇಳುವ ಮದ್ದುಗಳೆಲ್ಲ ಬಾಯಿಗೆ ಸಂಬಂಧಪಟ್ಟವು. ಕನ್ನಡಿಯ ಮುಂದೆ ಅಭ್ಯಾಸ ಮಾಡು, ಚೆನ್ನಾಗಿ ಉರು ಹೊಡೆ, ಒಂದು ನಗೆಯ ಪ್ರಸಂಗದಿಂದ ಶುರು ಮಾಡು ಎನ್ನುತ್ತೇವೆ. 1891ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯೂ ಇಂಥದೇ ಮದ್ದನ್ನು ನೆಚ್ಚಿದ್ದರು. ಬ್ಯಾರಿಸ್ಟರಾಗಿ ಊರಿಗೆ ಹೊರಡುವ ಮುನ್ನ ಸಸ್ಯಾಹಾರಿ ಗೆಳೆಯರಿಗೆ ಹೋಬರ್ನ್ ರೆಸ್ಟೋರೆಂಟಿನಲ್ಲಿ ಊಟ ಹಾಕಿಸಿ, ನಾಲ್ಕು ಮಾತಾಡಲು ಎದ್ದರು. ಅಡಿಸನ್ ಎಂಬ ಲೇಖಕ ಸಂಸತ್ತಿನಲ್ಲಿ ಮೊದಲ ಸಲ ಮಾತಾಡಹೋಗಿ ತಡವರಿಸಿದ ತಮಾಷೆಯನ್ನು ಸಿದ್ಧಮಾಡಿಕೊಂಡು ಬಂದಿದ್ದರು. ಆದರೆ ಮೊದಲ ವಾಕ್ಯದಾಚೆ ಮಾತು ಹೊರಡಲಿಲ್ಲ. ಬಂದವರಿಗೆ ವಂದನೆ ಹೇಳಿ ಕುಳಿತುಬಿಟ್ಟರು. ಎರವಲು ತಂದ ಕಥೆ ಬೇಕಾದ ಹೊತ್ತಿಗೇ ಕೈಕೊಟ್ಟಿತು. ಮುಂದೆ ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲೂ ಪಾಟೀಸವಾಲಿಗೆ ಎದ್ದವರಿಗೆ ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ.

ಅದೇ ಮನುಷ್ಯ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆಯೊಂದರಲ್ಲಿ ಎದ್ದು ನಿಂತು ಮಾತಾಡಿದರು. ಅದು ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ಕೇಳುವವರಲ್ಲಿ ಹೆಚ್ಚಿನವರು ಮೇಮನ್ ವ್ಯಾಪಾರಿಗಳು. ವ್ಯಾಪಾರಕ್ಕೂ ಸತ್ಯಕ್ಕೂ ಹೊಂದುವುದಿಲ್ಲ ಎಂಬುದು ವರ್ತಕರಲ್ಲಿ ಆಗ ಬೇರೂರಿದ್ದ ನಂಬಿಕೆ. ಹಿತವಾದ ಮಾತೂ ಅಲ್ಲ, ಸುಲಭದ ಸಭೆಯೂ ಅಲ್ಲ. ಆದರೂ ನಾಲಗೆ ಕಟ್ಟಲಿಲ್ಲ. ಈ ನಡುವೆ ಅವರೇನೂ ಭಾಷಣಕಲೆ ಕಲಿತಿರಲಿಲ್ಲ. ಪ್ರಿಟೋರಿಯಾಕ್ಕೆ ಬರುವ ದಾರಿಯಲ್ಲೇ ಮ್ಯಾರಿಟ್ಸ್‌ಬರ್ಗ್‌ನಲ್ಲಿ ರೈಲಿನಿಂದ ಹೊರದಬ್ಬಿಸಿಕೊಂಡಿದ್ದರು, ಕುದುರೆಗಾಡಿಯಲ್ಲಿ ಏಟು ತಿಂದಿದ್ದರು. ಹೇಳಲೇಬೇಕಾದದ್ದು ಒಳಗೇ ತುಂಬಿಕೊಂಡಿತ್ತು. ಹೀಗಿದ್ದಾಗ ಮುಂದಿನ ವಾಕ್ಯ ಯಾವುದೆಂದು ಮನುಷ್ಯ ಹುಡುಕಬೇಕಾಗಿಲ್ಲ ಎಂದು ನನ್ನ ಎಣಿಕೆ.

ಸ್ವಂತದ ಕಥೆ ಹೇಳಹೊರಟರೆ ಆತ್ಮಪ್ರಶಂಸೆಯೋ ಗೋಳಾಟವೋ ಆಗುತ್ತದೆ ಎಂಬ ಆಕ್ಷೇಪಣೆ ಸುಳ್ಳಲ್ಲ. ನಮ್ಮ ಎಷ್ಟೋ ಸನ್ಮಾನ ಸಭೆಗಳು ಅದಕ್ಕೆ ಸಾಕ್ಷಿ. ಆದರೆ 1922ರ ಮಾರ್ಚ್ 18ರಂದು ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿ ಓದಿದ ಹೇಳಿಕೆಯನ್ನು ನೋಡಿ. ಅದರಲ್ಲಿ ದಕ್ಷಿಣ ಆಫ್ರಿಕದ ಅವಮಾನವಿದೆ. ಅದರ ಬೆನ್ನಿಗೇ ಬೋಯರ್ ಯುದ್ಧದಲ್ಲಿ, ಜುಲು ದಂಗೆಯಲ್ಲಿ ಬ್ರಿಟಿಷರಿಗೆ ತಾವು ಸಲ್ಲಿಸಿದ ಸೇವೆಯ ಲೆಕ್ಕವೂ ಇದೆ. ರಾಜದ್ರೋಹದ ಆರೋಪ ಹೊತ್ತು ನಿಂತ ನಾಯಕನಿಗೆ ಆ ಹಳೆಯ ರಾಜನಿಷ್ಠೆ ಮುಚ್ಚಿಡಬೇಕಾದ ಸಂಗತಿ ಎನಿಸಬಹುದಿತ್ತು. ಅವರು ಅದನ್ನೇ ಬಿಚ್ಚಿಟ್ಟು, ತಮ್ಮ ಮನಸ್ಸು ಹೇಗೆ ತಿರುಗಿತು ಎಂಬುದನ್ನು ತೋರಿಸಿದರು. ಅತಿ ಕಠಿಣ ಶಿಕ್ಷೆಯನ್ನೇ ಕೊಡಿ ಎಂದೂ ಕೇಳಿದರು. ತನಗೆ ಅನುಕೂಲವಲ್ಲದ ಭಾಗವನ್ನೂ ಬಿಡದೆ ಹೇಳಿದ ಕಥೆಗೆ ಪ್ರಶಂಸೆಯ ವಾಸನೆ ಹತ್ತುವುದಿಲ್ಲ. ಮುಚ್ಚಿಟ್ಟದ್ದು ಬಯಲಾದೀತೆಂಬ ಅಳುಕೂ ಹೇಳುವವನಿಗಿರುವುದಿಲ್ಲ.

ಇನ್ನು, ಸುಳ್ಳುಗಾರರೂ ಅಳುಕಿಲ್ಲದೆ ನಿರರ್ಗಳವಾಗಿ ಮಾತಾಡುತ್ತಾರಲ್ಲ ಎನ್ನಬಹುದು. ಮಾತಾಡುತ್ತಾರೆ. ಗಾಂಧೀಜಿಗೋ ಸಂಕೋಚ ಕೊನೆಗೂ ಪೂರ್ತಿ ಬಿಟ್ಟುಹೋಗಲಿಲ್ಲ. ನಿರರ್ಗಳತೆ ಬೇರೆ, ಧೈರ್ಯ ಬೇರೆ. ಭಾಷಣದ ಮರುದಿನ ಅದೇ ಜನರ ಬೀದಿಯಲ್ಲಿ ತಲೆಯೆತ್ತಿ ನಡೆಯಲು ಬೇಕಾಗುವುದು ಎರಡನೆಯದು. ಪ್ರಿಟೋರಿಯಾದಲ್ಲಿ ಅವರು, ಬೇಕೆನ್ನುವವರಿಗೆ ಇಂಗ್ಲಿಷ್ ಕಲಿಸುತ್ತೇನೆ ಎಂದೂ ಮಾತು ಕೊಟ್ಟಿದ್ದರು. ಮುಂದೆ ಬಂದವರು ಮೂವರೇ: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನು. ಅವರಿದ್ದಲ್ಲಿಗೇ ಹೋಗಿ, ಕೆಲವೊಮ್ಮೆ ಅವರ ಕೆಲಸ ಮುಗಿಯುವತನಕ ಕಾದು, ಪಾಠ ಹೇಳಿದರು.