ಅಟ್ಟದ ಮೇಲಿನ ಸಂಪುಟಗಳು

ಹೊಳಲ್ಕೆರೆಯ ವೃದ್ಧ ವೈದ್ಯರೊಬ್ಬರ ಮನೆಯಲ್ಲಿ ಮೊನ್ನೆ ಅಟ್ಟವನ್ನು ಗುಡಿಸಿದಾಗ, ರಟ್ಟು ಕಟ್ಟಿಸಿದ ವೈದ್ಯಕೀಯ ಪತ್ರಿಕೆಗಳು ಕೆಳಗಿಳಿದವು. ಒಂದು ಕಾಲದಲ್ಲಿ ಅವು ಅಂಚೆಯಲ್ಲಿ ತಡವಾಗಿ ಬರುತ್ತಿದ್ದವು. ಆದರೆ ಬಂದದ್ದು ಉಳಿಯುತ್ತಿತ್ತು.

“ತಾತ, ಇವನ್ನು ರದ್ದಿಗೆ ಹಾಕೋಣವೆ? ಎಲ್ಲವೂ ಫೋನಿನಲ್ಲಿಯೇ ಇದೆ” ಎಂದಳು, ಚಿತ್ರದುರ್ಗದಲ್ಲಿ ವೈದ್ಯ ವ್ಯಾಸಂಗ ಮಾಡುತ್ತಿರುವ ಮೊಮ್ಮಗಳು.

ಮಾತು ಸುಳ್ಳಲ್ಲ. 1879ರಲ್ಲಿ ಆರಂಭವಾದ ‘ಇಂಡೆಕ್ಸ್ ಮೆಡಿಕಸ್’ ಎಂಬ ವೈದ್ಯಲೇಖನಗಳ ಸೂಚಿ 2004ರಲ್ಲಿ ಅಚ್ಚಿಗೆ ವಿದಾಯ ಹೇಳಿತು. 1997ರಿಂದ ಅಮೆರಿಕದ ‘ಪಬ್‌ಮೆಡ್’ ಆ ಕೆಲಸವನ್ನು ಕಾಸು ಕೇಳದೆ ಮಾಡುತ್ತಿದೆ. ಹೊಸದುರ್ಗದ ವೈದ್ಯನೂ ಲಂಡನ್ನಿನ ವೈದ್ಯನೂ ಒಂದೇ ಗಳಿಗೆಯಲ್ಲಿ ಒಂದೇ ಸಾರಾಂಶವನ್ನು ಓದಬಲ್ಲರು.

ಪೂರ್ಣ ಲೇಖನ ಬೇಕೆಂದರೆ ಮಾತ್ರ ಅನೇಕ ಪತ್ರಿಕೆಗಳು ಬಾಗಿಲಲ್ಲಿಯೇ ಹಣ ಕೇಳುತ್ತವೆ. ಚಂದಾ ನಿಂತರೆ ನಿನ್ನೆ ಓದಿದ್ದೂ ಇಂದು ತೆರೆಯದಿರಬಹುದು. ಅಚ್ಚಿನ ಪತ್ರಿಕೆ ಕೊಂಡವನ ಸ್ವತ್ತು; ಇದು ಬಾಡಿಗೆಯ ಮನೆ.

ವೃದ್ಧರು ಒಂದು ಸಂಪುಟವನ್ನು ಬಿಡಿಸಿದರು. ವಾಂತಿಭೇದಿಗೆ ಉಪ್ಪು-ಸಕ್ಕರೆಯ ನೀರು ಕುಡಿಸುವುದನ್ನು ಕುರಿತ ಲೇಖನ. ಅಂಚಿನಲ್ಲಿ ಅವರದೇ ಅಕ್ಷರ: ‘ಹಿರಿಯೂರಿನ ಮಗುವಿಗೆ ಕೊಟ್ಟೆ. ಬದುಕಿತು.’

“ಇದೂ ಫೋನಿನಲ್ಲಿದೆಯೇನಮ್ಮ?”

ಮೊಮ್ಮಗಳು ಉತ್ತರಿಸಲಿಲ್ಲ. ಆ ಸಂಪುಟದ ಧೂಳನ್ನು ಸೆರಗಿನಿಂದ ಒರೆಸಿ, ತನ್ನ ಪುಸ್ತಕಗಳ ನಡುವೆ ಇಟ್ಟುಕೊಂಡಳು.