ಹೊಟ್ಟೆಯೊಳಗಿನ ಕಾಲುವೆ

ಶೇಡಬಾಳದ ನಮ್ಮ ಕಬ್ಬಿನ ಹೊಲಕ್ಕೆ ನೀರು ಹಾಯಿಸುವಾಗ ಕಾಲುವೆಯಲ್ಲಿ ಕಸ ಸಿಕ್ಕಿಕೊಂಡರೆ ಮುಂದಿನ ಸಾಲಿಗೆ ನೀರಿಲ್ಲ. ಮೊಮ್ಮಗನ ಹೊಟ್ಟೆಯಲ್ಲೂ ಹೀಗೇ ಆಯಿತು.

ಆಗ ಅವನಿಗೆ 6 ವರ್ಷ. ಅವನ ಯಕೃತ್ತು ಪೂರ್ತಿ ಕೆಟ್ಟಿತ್ತು. ನನ್ನ ಮಗಳು ತನ್ನ ಯಕೃತ್ತಿನ ಒಂದು ಭಾಗ ಕೊಟ್ಟಳು. ಕೊಟ್ಟವರಲ್ಲೂ ಪಡೆದವರಲ್ಲೂ ಅದು ಮತ್ತೆ ಬೆಳೆಯುತ್ತದೆ, ಮಕ್ಕಳೇ!

ಮೂರನೆಯ ದಿನ ಡಾಪ್ಲರ್ ಪರೀಕ್ಷೆ ಮಾಡಿದಾಗ, ಹೊಸ ಯಕೃತ್ತಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಮಕ್ಕಳ ರಕ್ತನಾಳ ಬಲು ಸಣ್ಣದು. ಅದು ಕಟ್ಟಿಕೊಂಡರೆ ಪಿತ್ತನಾಳಗಳು ಸಾಯುತ್ತವೆ. ಆ ರಾತ್ರಿಯೇ ಮತ್ತೆ ಹೊಟ್ಟೆ ತೆರೆದು ಹೆಪ್ಪು ತೆಗೆದರು. ನಾನು ಬೆಂಚಿನ ಮೇಲೆ ಕೂತೇ ಬೆಳಗು ಮಾಡಿದೆ.

ಈಗ ಅವನು ಹೊಲಕ್ಕೆ ಬಂದರೆ ಮೊದಲು ಕಾಲುವೆಯ ಕಸ ತೆಗೆಯುತ್ತಾನೆ. “ಅಜ್ಜಾ, ನೀರು ಹೊಂಟೈತಿ ನೋಡು” ಅನ್ನುತ್ತಾನೆ. ನಾನು ಗುಳಿಗೆಯ ಹೊತ್ತು ನೆನಪಿಸುತ್ತೇನೆ.